ಆವೃತ್ತಿ ಸ್ವೀಪ್‌ಗೆ ಯಾವ ಉಪಕರಣ? ಮಲೆನಾಡಿನ ಕಾಲೇಜು ಪ್ರಯೋಗಾಲಯಕ್ಕೊಂದು ಹೋಲಿಕೆ

ಕಳೆದ ಮಳೆಗಾಲದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ 30ರಿಂದ 38 ಮೆಗಾಹರ್ಟ್ಸ್‌ವರೆಗೆ ಸ್ವೀಪ್ ಮಾಡಿದ, ಅಂದರೆ ಆವೃತ್ತಿಯನ್ನು ಹೆಜ್ಜೆಹೆಜ್ಜೆಯಾಗಿ ಬದಲಿಸುತ್ತ ಅಳೆದ, ಚಿತ್ರವನ್ನು ಮೇಜಿನ ಮೇಲೆ ಹರಡಿಕೊಂಡು ನಿಂತಿದ್ದ. ಮೂರು ದಿನದ ಕೆಲಸ ಅದು. ಚಿತ್ರದಲ್ಲಿ ಒಂದು ದೊಡ್ಡ ಗುಡ್ಡ ಇತ್ತು, ಅದರ ಎರಡೂ ಬದಿಗೆ ಇಳಿಜಾರು ಇತ್ತು. ರೋಹಿತ ರೇಖೆ, ಅಂದರೆ ಮಾದರಿ ಶಕ್ತಿ ಹೀರುವ ಆವೃತ್ತಿಯ ಕಿರಿದಾದ ಗುರುತು, ಮಾತ್ರ ಎಲ್ಲೂ ಇರಲಿಲ್ಲ. "ಸರ್, ಜನರೇಟರ್ ಸರಿಯಿಲ್ಲ, ಒಳ್ಳೆಯದೊಂದನ್ನು ತರಿಸಬೇಕು" ಎಂದ. ಜನರೇಟರ್, ಅಂದರೆ ಬೇಕಾದ ಆವೃತ್ತಿಯ ಅಲೆ ಹುಟ್ಟಿಸುವ ಆಕರ, ಸರಿಯಾಗಿಯೇ ಇತ್ತು. ಅವನು ಬಳಸಿದ್ದು ನ್ಯಾನೊ ವಿಎನ್‌ಎ ಎಂಬ, ಆವೃತ್ತಿ ಬದಲಿಸುತ್ತ ಮಂಡಲದ ಪ್ರತಿಕ್ರಿಯೆ ಅಳೆಯುವ ಅಂಗೈಯಗಲದ ಉಪಕರಣ. ಅದರ ಹಳೆಯ ಮಾದರಿ ಒಂದು ಸ್ವೀಪ್‌ನಲ್ಲಿ ಅಳೆಯುವುದು 101 ಬಿಂದುಗಳನ್ನು. 8 ಮೆಗಾಹರ್ಟ್ಸನ್ನು ನೂರು ಹೆಜ್ಜೆಗೆ ಹಂಚಿದರೆ ಒಂದೊಂದು ಹೆಜ್ಜೆ 80 ಕಿಲೋಹರ್ಟ್ಸ್. ಅವನು ಹುಡುಕುತ್ತಿದ್ದ ರೇಖೆಯ ಅಗಲ ಒಂದೆರಡು ಕಿಲೋಹರ್ಟ್ಸ್. ಸಣ್ಣ ಮೀನು ಹಿಡಿಯಲು ಮಾರುದ್ದ ಕಣ್ಣಿನ ಬಲೆ ಬೀಸಿದಂತಾಗಿತ್ತು. ಚಿತ್ರದಲ್ಲಿ ಕಂಡ ಗುಡ್ಡ ಮಾದರಿಯ ಸುತ್ತ ಅವನು ಇಟ್ಟ ತಂತಿ ಸುರುಳಿಯದೇ ಗುಡ್ಡ.

ಆವತ್ತಿನಿಂದ ಈ ಮಾತನ್ನು ಬರೆದಿಡಬೇಕೆಂದುಕೊಂಡಿದ್ದೆ. ಶಿವಮೊಗ್ಗದ ಸುತ್ತಲಿನ ಕಾಲೇಜುಗಳಲ್ಲಿ, ತೀರ್ಥಹಳ್ಳಿ, ಸಾಗರ, ಶೃಂಗೇರಿಯ ಕಡೆ, ಆರ್‌ಎಫ್ (ರೇಡಿಯೊ ಆವೃತ್ತಿಯ) ರೋಹಿತಮಾಪಕವನ್ನು ಸ್ವಂತವಾಗಿ ಕಟ್ಟುವ ಆಸೆಯಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದ್ದಾರೆ. ಅವರೆಲ್ಲ ಮೊದಲು ಕೇಳುವುದು "ಯಾವ ಜನರೇಟರ್ ಕೊಳ್ಳಬೇಕು?" ಎಂದು. ಅದು ಕೊನೆಯ ಪ್ರಶ್ನೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೊದಲು ರೇಖೆಯ ಅಗಲ ತಿಳಿಯಬೇಕು, ಆಮೇಲೆ ಸುರುಳಿ, ಆಮೇಲೆ ಪತ್ತೆಯ ವಿಧಾನ. ಇವು ಮೂರು ತೀರ್ಮಾನವಾದರೆ ಜನರೇಟರ್ ತಾನಾಗಿ ತೀರ್ಮಾನವಾಗುತ್ತದೆ.

ಯಾವ ಪ್ರಯೋಗಕ್ಕೆ ಈ ಮಾತು

ನಾನು ಇಲ್ಲಿ ಆಧಾರವಾಗಿ ಇಟ್ಟುಕೊಂಡಿರುವುದು ನ್ಯೂಕ್ಲಿಯರ್ ಕ್ವಾಡ್ರುಪೋಲ್ ಅನುರಣನ, ಅಂದರೆ ಎನ್‌ಕ್ಯೂಆರ್. ಇದರ ಸೋದರ ವಿಧಾನವಾದ ಎನ್‌ಎಂಆರ್‌ಗೆ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಭಾರಿ ಕಾಂತ ಬೇಕು; ಸಣ್ಣ ಕಾಲೇಜಿಗೆ ಅದು ಎಟುಕುವುದಿಲ್ಲ. ಎನ್‌ಕ್ಯೂಆರ್‌ಗೆ ಕಾಂತವೇ ಬೇಡ. ಕ್ಲೋರಿನ್‌ನಂಥ ನ್ಯೂಕ್ಲಿಯಸ್ಸಿನ ವಿದ್ಯುದಾವೇಶ ಪೂರ್ತಿ ಗೋಳಾಕಾರವಾಗಿ ಹರಡಿರುವುದಿಲ್ಲ. ಹರಳಿನೊಳಗೆ ಜಾಗದಿಂದ ಜಾಗಕ್ಕೆ ಬದಲಾಗುವ ವಿದ್ಯುತ್ ಕ್ಷೇತ್ರ ಅದನ್ನು ಹಿಡಿದು ಶಕ್ತಿಯ ಮಟ್ಟಗಳನ್ನು ಬೇರೆ ಮಾಡುತ್ತದೆ. ಆ ಮಟ್ಟಗಳ ಅಂತರಕ್ಕೆ ಹೊಂದುವ ಆವೃತ್ತಿಯಲ್ಲೇ ರೇಖೆ ಮೂಡುವುದು; ಅಂತರ ಎಷ್ಟೆಂಬುದನ್ನು ಹರಳೇ ನಿರ್ಧರಿಸುತ್ತದೆ. ಕಾಂತಕ್ಷೇತ್ರವನ್ನು ಏರಿಳಿಸಿ ರೇಖೆಯನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ದಾರಿ ಇಲ್ಲಿಲ್ಲ. ಆವೃತ್ತಿಯನ್ನೇ ಸ್ವೀಪ್ ಮಾಡಿಕೊಂಡು ರೇಖೆ ಇರುವಲ್ಲಿಗೆ ನಾವೇ ಹೋಗಬೇಕು. 1950ರಲ್ಲಿ ಜರ್ಮನಿಯಲ್ಲಿ ಡೆಮೆಲ್ಟ್ ಮತ್ತು ಕ್ರೂಗರ್ ಎಂಬ ವಿಜ್ಞಾನಿಗಳು ಕ್ಲೋರಿನ್‌ನ ರೇಖೆಯನ್ನು ಮೊದಲು ಕಂಡದ್ದೂ ಹೀಗೆಯೇ ಹುಡುಕಿ.

ಮಾದರಿಯಾಗಿ ಪ್ಯಾರಾಡೈಕ್ಲೋರೊಬೆಂಜೀನ್, ನುಸಿ ಗುಳಿಗೆಯ ಒಂದು ಬಗೆ, ಒಳ್ಳೆಯದು. ಕೋಣೆಯ ತಾಪದಲ್ಲಿ ಅದರ ಕ್ಲೋರಿನ್-35 ರೇಖೆ 34.27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಿಗುತ್ತದೆ. ಪಠ್ಯಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟಿನ ಹೆಸರೂ ಬರುತ್ತದೆ, ಅದರ ರೇಖೆ 28.09 ಮೆಗಾಹರ್ಟ್ಸ್ ಹತ್ತಿರ, ಸಂಕೇತವೂ ಚೆನ್ನಾಗಿದೆ. ಆದರೆ ಅದು ಬೆಂಕಿಕಡ್ಡಿಯ ತಲೆಯಲ್ಲಿರುವ ವಸ್ತು. ಗಂಧಕವೋ ಸಾವಯವ ಪುಡಿಯೋ ತಾಗಿದರೆ ಉಜ್ಜಾಟಕ್ಕೇ ಸಿಡಿಯಬಹುದು. ಜೊತೆಗೆ 28ರಿಂದ 29.7 ಮೆಗಾಹರ್ಟ್ಸ್ ಹ್ಯಾಮ್ ರೇಡಿಯೊದವರ ಪಟ್ಟಿ. ಅಯಾನುಗೋಳ ಚುರುಕಾಗಿರುವ ದಿನಗಳಲ್ಲಿ ಅಲ್ಲಿ ದೂರದೇಶಗಳ ದನಿಗಳೂ ಕೇಳುತ್ತವೆ. ಕಲಿಯುವವರ ಕೈಗೆ ನಾನು ಕ್ಲೋರೇಟ್ ಕೊಡುವುದಿಲ್ಲ.

ಪತ್ತೆಯ ಮೂರು ದಾರಿಗಳು

ಮೊದಲನೆಯದು ಮಾರ್ಜಿನಲ್ ಆಸಿಲೇಟರ್. ಆಸಿಲೇಟರ್ ಎಂದರೆ ತಾನೇ ಕಂಪಿಸಿ ಅಲೆ ಹುಟ್ಟಿಸುವ ಮಂಡಲ. ಮಾದರಿಯ ಸುರುಳಿಯೇ ಆಸಿಲೇಟರಿನ ಸುರುಳಿಯೂ ಆಗಿರುತ್ತದೆ. ಕಂಪನ ಈಗಲೋ ಆಗಲೋ ನಿಲ್ಲುವಂತಿರುವ ಅಂಚಿನಲ್ಲಿ ಅದನ್ನು ನಡೆಸುತ್ತೇವೆ. ಆವೃತ್ತಿ ರೇಖೆಯ ಮೇಲೆ ಬಂದಾಗ ಹರಳು ಒಂದಿಷ್ಟು ಶಕ್ತಿ ಹೀರುತ್ತದೆ, ಕಂಪನದ ಮಟ್ಟ ಅಷ್ಟರಮಟ್ಟಿಗೆ ತಗ್ಗುತ್ತದೆ, ಡಯೋಡ್ ಅದನ್ನು ಹೇಳುತ್ತದೆ. ಇದರ ದೊಡ್ಡ ಸೌಕರ್ಯವೆಂದರೆ ಆಕರವೂ ಸುರುಳಿಯೂ ಒಂದೇ ಆಗಿರುವುದು. ಕಂಡೆನ್ಸರ್ ತಿರುಗಿಸಿದರೆ ಎರಡೂ ಒಟ್ಟಿಗೆ ಸರಿಯುತ್ತವೆ. ಒಂದು ಇನ್ನೊಂದರ ಹಿಂದೆ ಓಡಬೇಕಾಗಿಲ್ಲ. ಬಿಡಿಭಾಗಗಳ ಖರ್ಚು ಕೆಲವೇ ನೂರು ರೂಪಾಯಿ. ಬೆಲೆ ತೆರಬೇಕಾದದ್ದು ತಾಳ್ಮೆಯಲ್ಲಿ. ಹತ್ತು ಮೆಗಾಹರ್ಟ್ಸ್ ಉದ್ದಕ್ಕೆ ಕಂಪನವನ್ನು ಅದೇ ಅಂಚಿನಲ್ಲಿ ಉಳಿಸಿಕೊಳ್ಳುವುದು ಸುಲಭವಲ್ಲ. ಆವೃತ್ತಿ ತಾನಾಗಿ ಅಲುಗುತ್ತಿರುತ್ತದೆ, ಹಾಗಾಗಿ ಪಕ್ಕದಲ್ಲಿ ಆವೃತ್ತಿ ಎಣಿಸುವ ಕೌಂಟರ್ ಒಂದು ಸದಾ ಇರಬೇಕು.

ಇದರ ದಾಯಾದಿ ಸೂಪರ್-ರೀಜನರೇಟಿವ್ ಆಸಿಲೇಟರ್. ಇದರ ಕಿವಿ ಬಲು ಚುರುಕು. ಕಂಪನವನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸುವುದರಿಂದ ಒಂದೇ ರೇಖೆ ಆರಿಸುವ ಆವೃತ್ತಿಯ ಅಂತರದಲ್ಲಿ ಹಲವು ಕಡೆ ಕಾಣಿಸುತ್ತದೆ. ನಿಜವಾದದ್ದು ಯಾವುದೆಂದು ತಿಳಿಯಲು ಆರಿಸುವ ವೇಗವನ್ನು ಸ್ವಲ್ಪ ಬದಲಿಸಿ ನೋಡಬೇಕು: ಅಕ್ಕಪಕ್ಕದವು ಜರುಗುತ್ತವೆ, ನಡುವಿನದು ನಿಂತಲ್ಲೇ ನಿಲ್ಲುತ್ತದೆ. ರೇಖೆ ಎಲ್ಲಿದೆ ಎಂಬ ಸುಳಿವು ಹಿಡಿಯಲು ಇದು ಒಳ್ಳೆಯ ಬೇಟೆನಾಯಿ. ಆಕಾರ ಅಳೆಯಲು ಆಗದು.

ಎರಡನೆಯದು ಡಿಜಿಟಲ್ ಆಕರ, ಅಂದರೆ ಸಂಖ್ಯೆಗಳಿಂದ ಅಲೆ ಕಟ್ಟುವ ಡಿಡಿಎಸ್. ಅದರ ಮುಂದೆ ಹಿನ್ನೆಲೆಯನ್ನು ಸರಿದೂಗಿಸಿ ಸಣ್ಣ ವ್ಯತ್ಯಾಸವನ್ನಷ್ಟೇ ಬಿಡುವ ಸೇತುವೆ ಮಂಡಲ, ಗದ್ದಲದೊಳಗಿಂದ ಗೊತ್ತಾದ ತಾಳದ ಸಂಕೇತವನ್ನು ಹೆಕ್ಕುವ ಲಾಕ್-ಇನ್ ಆಂಪ್ಲಿಫೈಯರ್. ಆವೃತ್ತಿ ಗಡಿಯಾರದ ನಿಖರತೆಯಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಹೇಳಿದಷ್ಟೇ ಹೆಜ್ಜೆ ಇಡುತ್ತದೆ. ತೊಡಕಿರುವುದು ಸುರುಳಿಯಲ್ಲಿ. ಅದರ ಗುಣಾಂಕ, ನಾವು ಕ್ಯೂ ಎನ್ನುವುದು, 100 ಇದ್ದರೆ 34.27 ಮೆಗಾಹರ್ಟ್ಸ್‌ನಲ್ಲಿ ಅದು ಒಪ್ಪಿಕೊಳ್ಳುವ ಅಗಲ ಸುಮಾರು 340 ಕಿಲೋಹರ್ಟ್ಸ್. ಅದರಾಚೆ ಜನರೇಟರ್ ಎಷ್ಟು ನಿಖರವಾಗಿ ನಡೆದರೂ ಸುರುಳಿ ಕಿವುಡಾಗಿರುತ್ತದೆ. ನಮ್ಮ ವಿದ್ಯಾರ್ಥಿ 8 ಮೆಗಾಹರ್ಟ್ಸ್ ಸ್ವೀಪ್ ಮಾಡಿದಾಗ ಸುರುಳಿ ಆಲಿಸಿದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲನ್ನೂ ಅಲ್ಲ.

ಮೂರನೆಯದು ಸ್ಪಂದ ವಿಧಾನ. ನೂರಾರು ವ್ಯಾಟಿನ ಚಿಕ್ಕ ಹೊಡೆತ ಕೊಟ್ಟು, ಆಮೇಲೆ ಹರಳು ಹೇಳುವ ಮಾತಿಗೆ ಕಿವಿಗೊಡುವುದು. 20 ಮೈಕ್ರೊಸೆಕೆಂಡಿನ ಹೊಡೆತ ಸುಮಾರು 50 ಕಿಲೋಹರ್ಟ್ಸ್ ಅಗಲವನ್ನು ಒಂದೇ ಸಲಕ್ಕೆ ಎಬ್ಬಿಸುತ್ತದೆ. ಆದ್ದರಿಂದ 25 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಮುಂದುವರಿದರೆ ಸಾಕು, ಏನೂ ತಪ್ಪಿಹೋಗುವುದಿಲ್ಲ. ವಿಶ್ರಾಂತಿ ಕಾಲಗಳನ್ನು, ಅಂದರೆ ಹೊಡೆತದ ನಂತರ ನ್ಯೂಕ್ಲಿಯಸ್ಸುಗಳು ಮೊದಲಿನ ಸ್ಥಿತಿಗೆ ಮರಳುವ ಸಮಯವನ್ನು, ಅಳೆಯಬೇಕೆಂದಿದ್ದರೆ ಇದೇ ದಾರಿ. ಆದರೆ ಪವರ್ ಆಂಪ್ಲಿಫೈಯರ್ ಬೇಕು, ಹೊಡೆತ ರಿಸೀವರ್ ಒಳಗೆ ನುಗ್ಗದಂತೆ ತಡೆಯಲು ಎದುರುಬದುರಾಗಿ ಜೋಡಿಸಿದ ಡಯೋಡುಗಳೂ ಕಾಲು ತರಂಗಾಂತರದ ಕೇಬಲೂ ಬೇಕು. ಆರ್‌ಜಿ 58 ಕೇಬಲಿನಲ್ಲಿ ತರಂಗ ಬೆಳಕಿನ ವೇಗದ ಶೇ. 66ರಷ್ಟರಲ್ಲಿ ಸಾಗುತ್ತದೆ, 34.27 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ 1.44 ಮೀಟರ್ ಆಗುತ್ತದೆ. ನೂರಾರು ವ್ಯಾಟು ಸುರುಳಿಯಿಂದಾಚೆ ಸೋರಬಾರದು. ಮುಚ್ಚಿದ ಲೋಹದ ಪೆಟ್ಟಿಗೆಯಿಲ್ಲದೆ, ಡಮ್ಮಿ ಲೋಡ್ (ಶಕ್ತಿಯನ್ನು ಹೊರಬಿಡದೆ ಹೀರಿಕೊಳ್ಳುವ ರೋಧಕ) ಮೇಲೆ ಮೊದಲು ಪರೀಕ್ಷಿಸದೆ ಆ ಆಂಪ್ಲಿಫೈಯರನ್ನು ಹಚ್ಚಬೇಡಿ.

ನನ್ನ ಆಯ್ಕೆ ಹೀಗೆ. ರೇಖೆ ಎಲ್ಲಿದೆಯೆಂದು ಪುಸ್ತಕದಿಂದ ಗೊತ್ತಿದ್ದರೆ, ಸ್ವೀಪ್ ಕೆಲವು ನೂರು ಕಿಲೋಹರ್ಟ್ಸ್ ಮೀರುವುದಿಲ್ಲವೆಂದಾದರೆ, ಡಿಡಿಎಸ್ ಕಟ್ಟಿ. ಹೊಸ ಸಂಯುಕ್ತ, 30ರಿಂದ 40ರವರೆಗೆ ಎಲ್ಲಿ ಬೇಕಾದರೂ ಇರಬಹುದೆಂದಾದರೆ, ಮಾರ್ಜಿನಲ್ ಆಸಿಲೇಟರಿಗೆ ಸಮನಾದದ್ದು ಈ ಖರ್ಚಿನಲ್ಲಿ ಇಲ್ಲ. ಸ್ಪಂದ ವಿಧಾನವನ್ನು ಎರಡನೆಯ ವರ್ಷದ ಕನಸಾಗಿ ಇಟ್ಟುಕೊಳ್ಳಿ.

ಸುರುಳಿ ಮತ್ತು ಅದನ್ನು ತಿರುಗಿಸುವ ಕೈ

ನಾವು ಬಳಸುವ ಸುರುಳಿ ಇದು: 18 ಗೇಜಿನ ಎನಾಮಲ್ ತಾಮ್ರದ ತಂತಿ, 12 ಮಿಲಿಮೀಟರ್ ವ್ಯಾಸ, 20 ಮಿಲಿಮೀಟರ್ ಉದ್ದ, ಹತ್ತು ಸುತ್ತು. ಸುತ್ತುಗಳ ನಡುವೆ ಒಂದು ತಂತಿಗಿಂತ ಸ್ವಲ್ಪ ಕಡಿಮೆ ಸಂದಿ ಉಳಿಯುತ್ತದೆ, ಉಳಿಯಬೇಕು. ಲೆಕ್ಕಕ್ಕೆ 0.55 ಮೈಕ್ರೊಹೆನ್ರಿ ಹತ್ತಿರ ಬರುತ್ತದೆ. 34.27 ಮೆಗಾಹರ್ಟ್ಸ್‌ಗೆ ಒಟ್ಟು 39 ಪಿಕೊಫ್ಯಾರಡ್ ಬೇಕು, ತಂತಿಗಳ ನಡುವಿನ ಸೋರು ಧಾರಣೆಯೂ ಅದರಲ್ಲೇ ಸೇರಿ. ತಂತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಬೇಕಿಲ್ಲ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ ಮಲೆನಾಡಿನ ಯಾವ ಪೇಟೆಯಲ್ಲೂ ಇದೆ. ಅಲ್ಲಿ ಒಂದು ಮಾರು ಕೇಳಿದರೆ ಕತ್ತರಿಸಿ ಕೊಡುತ್ತಾರೆ.

ಸುರುಳಿಯನ್ನು ಯಾವುದರ ಮೇಲೆ ಸುತ್ತಬೇಕು ಎಂಬುದು ನಮ್ಮ ಊರಿನಲ್ಲಿ ದೊಡ್ಡ ವಿಷಯ. ಮರ ಬೇಡ, ಬೇಕಲೈಟ್ ಬೇಡ. ಜುಲೈ ತಿಂಗಳಲ್ಲಿ ಆಗುಂಬೆಯ ಕಡೆಯಿಂದ ಮೋಡ ಇಳಿದು ನಿಂತರೆ ಕಪಾಟಿನೊಳಗಿನ ಪುಸ್ತಕಕ್ಕೇ ಬೂಷ್ಟು ಹಿಡಿಯುತ್ತದೆ. ಮರ, ಬೇಕಲೈಟ್ ಎರಡೂ ತೇವ ಹೀರಿಕೊಂಡು ಸುರುಳಿಯ ಕ್ಯೂ ಇಳಿಸುತ್ತವೆ. ಡ್ರಿಲ್ ಬಿಟ್ಟಿನ ಹಿಡಿಯ ಮೇಲೆ ಸುತ್ತಿ, ಬಿಟ್ಟನ್ನು ಎಳೆದು ತೆಗೆದು, ಗಾಳಿಯಲ್ಲೇ ನಿಲ್ಲುವ ಸುರುಳಿ ಮಾಡುವುದು ಎಲ್ಲಕ್ಕಿಂತ ಉತ್ತಮ. ಒಳಗೆ 10 ಮಿಲಿಮೀಟರಿನ ಗಾಜಿನ ಕೊಳವೆ ಸಲೀಸಾಗಿ ಕೂರುತ್ತದೆ. ಆಧಾರ ಬೇಕೇಬೇಕೆಂದರೆ ಟೆಫ್ಲಾನ್.

ಸ್ವೀಪ್ ಮಾಡಲು ಕಂಡೆನ್ಸರನ್ನು ಹೇಗೆ ಸರಿಸುವುದು? ಹಳೆಯ ರೇಡಿಯೊದ ಗಾಳಿ ತಗಡಿನ ಗ್ಯಾಂಗ್ ಕಂಡೆನ್ಸರ್ ಸಿಕ್ಕರೆ ಬಿಡಬೇಡಿ. ಅದರ ನಷ್ಟ ಬಲು ಕಡಿಮೆ, ವೋಲ್ಟೇಜಿಗೂ ಹೆದರುವುದಿಲ್ಲ. ಶಿವಮೊಗ್ಗದಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವವರು ಕಡಿಮೆಯಾಗಿದ್ದಾರೆ, ಆದರೆ ಅಟ್ಟದ ಮೇಲೆ ಅವರ ಡಬ್ಬಿಗಳು ಇನ್ನೂ ಇವೆ. ಕೇಳಿದರೆ ಸಂತೋಷದಿಂದ ಹುಡುಕಿ ಕೊಡುತ್ತಾರೆ. ನನಗೆ ಒಬ್ಬರು ಕೊಟ್ಟದ್ದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ತಗಡುಗಳ ನಡುವಿನ ದೂಳನ್ನು ಅಂಚೆ ಕಾಗದದ ಅಂಚಿನಿಂದ ಒಂದೊಂದಾಗಿ ಕೆರೆದು ತೆಗೆದೆ. ತಿರುಗಿಸಿದರೆ ಬೆಣ್ಣೆಯಂತೆ ತಿರುಗಿತು. ಈಗಲೂ ಅದೇ ನಡೆಯುತ್ತಿದೆ.

ಇದಕ್ಕೆ ಸ್ಟೆಪ್ಪರ್ ಮೋಟಾರ್ ಕಟ್ಟಿದರೆ ಕೈಯ ಕೆಲಸ ತಪ್ಪುತ್ತದೆ. ಎಲ್ಲ ಕಡೆ ಸಿಗುವ 28ಬಿವೈಜೆ-48 ಮೋಟಾರು ಒಂದು ಸುತ್ತಿಗೆ ಸುಮಾರು 2048 ಹೆಜ್ಜೆ ಇಡುತ್ತದೆ; ಗ್ಯಾಂಗ್ ತಿರುಗುವುದು ಅರ್ಧ ಸುತ್ತು, ಆದ್ದರಿಂದ ನಮ್ಮ ಕೈಗೆ ಸಿಗುವುದು ಸಾವಿರ ಚಿಲ್ಲರೆ. ಅದರ ಹಲ್ಲುಚಕ್ರಗಳಲ್ಲಿ ಸಡಿಲ ಇದೆ. ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಬೇಕು, ಇಲ್ಲವಾದರೆ ಹೋಗುವಾಗ ಕಂಡ ರೇಖೆ ಬರುವಾಗ ಬೇರೆ ಜಾಗದಲ್ಲಿ ಕಾಣುತ್ತದೆ.

ವ್ಯಾರಾಕ್ಟರ್ ಡಯೋಡ್ ಇನ್ನೊಂದು ದಾರಿ. ವೋಲ್ಟೇಜ್ ಬದಲಿಸಿದರೆ ಸಾಕು, ಅದರ ಧಾರಣೆ ಬದಲಾಗುತ್ತದೆ; ಚಲಿಸುವ ಭಾಗವೇ ಇಲ್ಲ. ಆದರೆ ಸುರುಳಿಯ ಕ್ಯೂ ತಗ್ಗುತ್ತದೆ, ತಾಪ ಬದಲಾದರೆ ಧಾರಣೆಯೂ ಬದಲಾಗುತ್ತದೆ. ಕೆಲವು ನೂರು ಕಿಲೋಹರ್ಟ್ಸ್ ಸ್ವೀಪಿಗೆ ಸರಿ; ಅದಕ್ಕಿಂತ ಹೆಚ್ಚಿಗೆ ಗ್ಯಾಂಗಿನ ಜೊತೆಗೆ ಸಹಾಯಕನಾಗಿ ಮಾತ್ರ ಬಳಸಿ.

ಈಗ ಜನರೇಟರ್

ಎಡಿ 9850 ಎಂಬ ಡಿಡಿಎಸ್ ಚಿಪ್ ಇರುವ ಪುಟ್ಟ ಹಲಗೆಯನ್ನು ನಾನು ಮೊದಲು ಹೇಳುತ್ತೇನೆ. 125 ಮೆಗಾಹರ್ಟ್ಸ್ ಗಡಿಯಾರ, 32 ಬಿಟ್; ಹೆಜ್ಜೆ 0.03 ಹರ್ಟ್ಸ್‌ಗಿಂತ ಚಿಕ್ಕದು. 40 ಮೆಗಾಹರ್ಟ್ಸ್‌ವರೆಗೆ ಸೈನ್ ಅಲೆ ಶುದ್ಧವಾಗಿ ಬರುತ್ತದೆ, ನಮಗೆ ಬೇಕಾದ 34 ಆ ಮಿತಿಯೊಳಗಿದೆ. ಮೇಲಕ್ಕೆ ಹೋದಂತೆ ಮಟ್ಟ ತುಸು ಇಳಿಯುತ್ತದೆ, 40ರ ಹತ್ತಿರ ಆರರಲ್ಲಿ ಒಂದು ಪಾಲಿನಷ್ಟು. ಕೆಲವು ನೂರು ಕಿಲೋಹರ್ಟ್ಸ್ ಸ್ವೀಪಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗಡಿಯಾರದಿಂದ ಕಳೆದು ಬರುವ ಪ್ರತಿಬಿಂಬ ಆವೃತ್ತಿ, ಇಲ್ಲಿ 90.73 ಮೆಗಾಹರ್ಟ್ಸ್, ಎಫ್‌ಎಂ ಪಟ್ಟಿಯೊಳಗೆ ಬೀಳುತ್ತದೆ. ಹಲಗೆಯ ಮೇಲಿನ ಫಿಲ್ಟರಿನ ಜೊತೆಗೆ 45 ಮೆಗಾಹರ್ಟ್ಸ್‌ನಲ್ಲಿ ಕತ್ತರಿಸುವ ಫಿಲ್ಟರ್ ಒಂದನ್ನು ನೀವೇ ಸೇರಿಸಿ. 40 ಮೀರಿದ ಕೆಲಸ ಮುಂದೆ ಬರಬಹುದೆಂದಿದ್ದರೆ ಎಡಿ 9851 ನೋಡಿ, ಅದರ ಗಡಿಯಾರ 180 ಮೆಗಾಹರ್ಟ್ಸ್.

ಎಸ್‌ಐ 5351 ಇನ್ನೂ ಅಗ್ಗ, ಮೂರು ಹೊರದಾರಿ ಇರುವುದರಿಂದ ಆಕರಕ್ಕೂ ಎರಡು ಆವೃತ್ತಿ ಬೆರೆಸುವ ಮಿಕ್ಸರ್‌ಗೂ ಒಂದೇ ಚಿಪ್ ಸಾಲುತ್ತದೆ. ಕೊಡುವುದು ಚೌಕ ಅಲೆ. ಅದರ ಮೂರನೆಯ ಗುಣಕದ (ಮೂರು ಪಟ್ಟು ಆವೃತ್ತಿಯ ಅಲೆಯ) ಮಟ್ಟ ಮೂಲದ ಮೂರರಲ್ಲಿ ಒಂದು ಪಾಲಿನಷ್ಟಿರುತ್ತದೆ, ಸೇತುವೆ ಮಂಡಲವನ್ನು ಅದು ಕೆಡಿಸುತ್ತದೆ. ನ್ಯಾನೊ ವಿಎನ್‌ಎ ಒಳಗಿರುವುದೂ ಇದೇ ಚಿಪ್. ಸ್ಪಂದ ವಿಧಾನಕ್ಕೆ, ಅಥವಾ ಸುರುಳಿ ಪರೀಕ್ಷಿಸುವುದಕ್ಕೆ ಇದು ಸಾಕು; ಸೂಕ್ಷ್ಮವಾದ ಸ್ವೀಪಿಗೆ ನಾನು ಆರಿಸುವುದಿಲ್ಲ.

ಕಾಲೇಜಿನ ಬೀರುವಿನಲ್ಲಿ ಹಳೆಯ ಆರ್‌ಎಫ್ ಸಿಗ್ನಲ್ ಜನರೇಟರ್ ಇದ್ದರೆ? ಅದರ ಸೈನ್ ಅಲೆ ಶುದ್ಧ, ಮಟ್ಟ ತಗ್ಗಿಸುವ ಅಟೆನ್ಯುಯೇಟರ್ ಇಂದಿನ ಅಗ್ಗದ ಹಲಗೆಗಳಿಗಿಂತ ಎಷ್ಟೋ ಮೇಲು. ಬಿಸಿಯೇರುವವರೆಗೆ, ಅಂದರೆ ಅರ್ಧ ಗಂಟೆ, ಆವೃತ್ತಿ ತೇಲುತ್ತಿರುತ್ತದೆ. ಕಂಪ್ಯೂಟರ್ ಅದಕ್ಕೆ ಹೇಳಲಾರದು. ಕೈಯಿಂದ ತಿರುಗಿಸಿ, ಕೌಂಟರ್ ಓದಿ, ಕಾಗದದ ಮೇಲೆ ಬಿಂದು ಇಡಬೇಕು. ವಿದ್ಯಾರ್ಥಿಗಳಿಗೆ ಒಮ್ಮೆಯಾದರೂ ಹೀಗೆ ಮಾಡಿಸಿ. ರೇಖೆಯ ಅಗಲವೆಂದರೆ ಏನೆಂದು ಬೆರಳಿಗೇ ತಿಳಿಯುತ್ತದೆ. ಹತ್ತಾರು ಸಾವಿರ ಕೊಟ್ಟು ಹೊಸ ಬೆಂಚ್ ಜನರೇಟರ್ ತರುವುದಕ್ಕೆ ನನ್ನ ವಿರೋಧವಿಲ್ಲ, ಅದು ಬೇರೆ ಪ್ರಯೋಗಗಳಿಗೂ ಒದಗುತ್ತದೆ. ಈ ಒಂದು ಕೆಲಸಕ್ಕಾಗಿ ಮಾತ್ರ ತರುವುದಾದರೆ, ಆ ಹಣದ ಕಾಲು ಭಾಗವನ್ನು ಲಾಕ್-ಇನ್ ಕಟ್ಟಲು ಕೊಟ್ಟರೆ ಫಲ ಹೆಚ್ಚು.

ಮಾಡ್ಯುಲೇಷನ್: ನಿಜವಾದ ಗೆಲುವು ಇಲ್ಲಿ

ಸಂಕೇತ ಅಷ್ಟು ಚಿಕ್ಕದು, ನೇರವಾಗಿ ನೋಡಿದರೆ ಕಾಣುವುದಿಲ್ಲ. ಆವೃತ್ತಿಯನ್ನು ಒಂದಿಷ್ಟು ಅಲುಗಾಡಿಸಿ, ಅಲುಗಾಟದ ತಾಳಕ್ಕೆ ಸರಿಯಾಗಿ ಬರುವುದನ್ನಷ್ಟೇ ಲಾಕ್-ಇನ್‌ನಿಂದ ಆಯ್ದುಕೊಳ್ಳುತ್ತೇವೆ. ಆವೃತ್ತಿ ಮಾಡ್ಯುಲೇಷನ್ ಸುಲಭ: ಡಿಡಿಎಸ್‌ಗೆ ಎರಡು ಸಂಖ್ಯೆಗಳನ್ನು ಸರದಿಯಂತೆ ಬರೆದರಾಯಿತು. ದೋಷವೆಂದರೆ ಸುರುಳಿಯ ಗುಡ್ಡಕ್ಕೂ ಇಳಿಜಾರು ಇದೆ. ಅಲುಗಾಟ ಆ ಇಳಿಜಾರನ್ನೂ ಸಂಕೇತವೆಂದು ತೋರಿಸುತ್ತದೆ. ರೇಖೆ ಓರೆಯಾದ ನೆಲದ ಮೇಲೆ ನಿಂತ ಗಿಡದಂತೆ ಕಾಣುತ್ತದೆ.

ಜೀಮನ್ ಮಾಡ್ಯುಲೇಷನ್, ಅಂದರೆ ಕಾಂತಕ್ಷೇತ್ರದಿಂದ ರೇಖೆಯನ್ನೇ ಕದಲಿಸುವುದು, ಬೇರೆ ರೀತಿ. ಸುರುಳಿಯ ಎರಡು ಬದಿಗೆ ದೊಡ್ಡ ತಂತಿಯ ಜೋಡಿ ಸುರುಳಿಗಳನ್ನಿಟ್ಟು, ಕೆಲವು ಹತ್ತು ಗಾಸ್‌ನ ಕಾಂತಕ್ಷೇತ್ರವನ್ನು ಹೊತ್ತಿಸಿ ಆರಿಸುತ್ತೇವೆ. ಕ್ಷೇತ್ರ ಇದ್ದಾಗ ಪುಡಿಯ ರೇಖೆ ಹರಡಿಹೋಗಿ ಮರೆಯಾಗುತ್ತದೆ, ಇಲ್ಲದಾಗ ಮೂಡುತ್ತದೆ. ಸುರುಳಿಯ ಇಳಿಜಾರಿಗೆ ಕಾಂತಕ್ಷೇತ್ರದ ಪರಿವೆಯೇ ಇಲ್ಲ. ಅದು ಎರಡೂ ಹೊತ್ತು ಒಂದೇ, ಹಾಗಾಗಿ ಕಳೆದುಹೋಗುತ್ತದೆ. ಉಳಿಯುವುದು ಹರಳಿನ ಮಾತು ಮಾತ್ರ. ತಂತಿ ಹೆಚ್ಚು ಬೇಕು, ವಿದ್ಯುತ್ ಹೆಚ್ಚು ಬೇಕು, ಜೋಡಿ ಸುರುಳಿ ಬಿಸಿಯಾಗಿ ಮಾದರಿಯನ್ನೂ ಬಿಸಿಮಾಡದಂತೆ ನೋಡಿಕೊಳ್ಳಬೇಕು. ಇಷ್ಟೆಲ್ಲ ಇದ್ದರೂ, ಗೊತ್ತಿಲ್ಲದ ರೇಖೆ ಹುಡುಕುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಾಡ್ಯುಲೇಷನ್‌ನ ತಾಳವಾಗಿ 50, 100, 150 ಹರ್ಟ್ಸ್ ಇಡಬೇಡಿ, ಮನೆಯ ಕರೆಂಟಿನ ಗದ್ದಲ ಅಲ್ಲೇ ಕೂತಿರುತ್ತದೆ; 73ರಂಥ ಸಂಖ್ಯೆ ಆರಿಸಿ. ಹುಡುಕುವಾಗ ಅಲುಗಾಟ ರೇಖೆಯ ಅಗಲದಷ್ಟಿರಲಿ, ಸಿಕ್ಕ ಮೇಲೆ ಅದರ ಐದರಲ್ಲೊಂದಕ್ಕೆ ಇಳಿಸಿ. ಆರ್‌ಎಫ್ ಮಟ್ಟವನ್ನೂ ಏರಿಸುತ್ತ ಹೋಗಬೇಡಿ. ಒಂದು ಹಂತದ ಮೇಲೆ ಹರಳು ಇನ್ನಷ್ಟು ಹೀರಲಾರದಂತಾಗಿ, ರೇಖೆ ದೊಡ್ಡದಾಗುವ ಬದಲು ಕುಗ್ಗುತ್ತದೆ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 200 ಕಿಲೋಹರ್ಟ್ಸ್ ಸ್ವೀಪ್, 200 ಹರ್ಟ್ಸ್ ಹೆಜ್ಜೆ ಎಂದರೆ ಸಾವಿರ ಬಿಂದು. ಲಾಕ್-ಇನ್‌ನ ಕಾಲಾಂಕ (ಅದು ಸರಾಸರಿ ಹಿಡಿಯುವ ಅವಧಿ) ಒಂದು ಸೆಕೆಂಡ್ ಇದ್ದರೆ ಪ್ರತಿ ಬಿಂದುವಿನಲ್ಲೂ ನಾಲ್ಕು ಸೆಕೆಂಡ್ ಕಾಯಬೇಕು. ಒಟ್ಟು ಒಂದು ಗಂಟೆ ಏಳು ನಿಮಿಷ. ಆ ಹೊತ್ತಿನಲ್ಲಿ ಕೋಣೆ ಬಿಸಿಯಾದರೆ ರೇಖೆ ನಿಮ್ಮ ಕಣ್ಣೆದುರೇ ಜರುಗುತ್ತದೆ. ಪೊಟ್ಯಾಸಿಯಂ ಕ್ಲೋರೇಟಿನ ರೇಖೆ ಒಂದು ಡಿಗ್ರಿಗೆ ಸುಮಾರು 5 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ನಮ್ಮ ಮಾದರಿಯದೂ ಕೆಲವು ಕಿಲೋಹರ್ಟ್ಸ್. ಡಿಸೆಂಬರಿನ ಬೆಳಿಗ್ಗೆ ಸಿಕ್ಕ ಜಾಗದಲ್ಲಿ ಮಧ್ಯಾಹ್ನ ಅದು ಇರುವುದಿಲ್ಲ. ಮಾರ್ಚ್ ಬಂದ ಮೇಲೆ ಇನ್ನೊಂದು ತೊಡಕು: 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮೇಲೆ ಪ್ಯಾರಾಡೈಕ್ಲೋರೊಬೆಂಜೀನ್‌ನ ಹರಳಿನ ಜೋಡಣೆಯೇ ಬದಲಾಗಬಹುದು, ಆಗ ರೇಖೆ ಬೇರೆ ಕಡೆಗೆ ಜಿಗಿಯುತ್ತದೆ. ಮಾದರಿಯ ಪಕ್ಕದಲ್ಲಿ ತಾಪಮಾಪಕ ಇಡದೆ ಮಾಡಿದ ಸ್ವೀಪನ್ನು ನಾನು ದಾಖಲೆಯೆಂದು ಒಪ್ಪುವುದಿಲ್ಲ.

ಪೆಟ್ಟಿಗೆ, ಕೇಬಲ್, ಕರೆಂಟ್

ಸುರುಳಿಯನ್ನು ಅಲ್ಯುಮಿನಿಯಂ ಡಬ್ಬಿಯೊಳಗಿಡಿ, ಗೋಡೆಗಳು ಸುರುಳಿಯಿಂದ ಒಂದು ವ್ಯಾಸದಷ್ಟಾದರೂ ದೂರವಿರಲಿ. ಸ್ಟೀಲ್ ಡಬ್ಬಿ ಕ್ಯೂ ತಿನ್ನುತ್ತದೆ. ಬಣ್ಣ ಬಣ್ಣದ ಆನೊಡೈಸ್ ಮಾಡಿದ ಡಬ್ಬಿ ನೋಡಲು ಚೆಂದ, ಆದರೆ ಆ ಪದರ ವಿದ್ಯುತ್ ಹರಿಸುವುದಿಲ್ಲ. ಮುಚ್ಚಳ ಮುಚ್ಚಿದರೂ ಮುಚ್ಚಿದಂತಾಗುವುದಿಲ್ಲ. ಅಂಚನ್ನು ಮರಳು ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ.

ಕನೆಕ್ಟರುಗಳಲ್ಲಿ ಬಿಎನ್‌ಸಿ ಸಾಕು, ಎಸ್‌ಎಂಎ ಇದಕ್ಕೆ ಅಗತ್ಯವಿಲ್ಲ. ಎರಡಕ್ಕೂ ಮಳೆಗಾಲ ಶತ್ರು. ಹಸಿರು ಕಿಲುಬು ಹಿಡಿದ ನಡುಪಿನ್ನು ಸ್ವೀಪಿನ ನಡುವೆ ಕರಕರ ಸದ್ದು ಮಾಡಿ ಇಡೀ ರಾತ್ರಿಯ ಅಳತೆ ಕೆಡಿಸುವುದನ್ನು ನಾನು ಕಂಡಿದ್ದೇನೆ. ನಮ್ಮ ಉಪಕರಣಗಳ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ವ್ಯಾಟಿನ ಹಳೆಯ ಬಲ್ಬ್ ಉರಿಯುತ್ತಲೇ ಇರುತ್ತದೆ. ಕನೆಕ್ಟರುಗಳು ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿರುತ್ತವೆ.

ಕರೆಂಟಿನ ಆಯ್ಕೆಯಲ್ಲಿ ನನಗೆ ಅನುಮಾನವೇ ಇಲ್ಲ: 12 ವೋಲ್ಟಿನ ಬ್ಯಾಟರಿ. ಮೊಬೈಲ್ ಚಾರ್ಜರಿನ ಜಾತಿಯ ಪವರ್ ಸಪ್ಲೈ, ಎಲ್‌ಇಡಿ ಟ್ಯೂಬ್, ಇನ್ವರ್ಟರ್ ಎಲ್ಲವೂ ಈ ಆವೃತ್ತಿಗಳಲ್ಲಿ ಗದ್ದಲ ಎಬ್ಬಿಸುತ್ತವೆ. ಯುಪಿಎಸ್‌ಗೆ ಹಾಕುವ 7 ಆಂಪಿಯರ್-ಗಂಟೆಯ ಬ್ಯಾಟರಿ, ಮುಂದೆ ಸಾದಾ 7805 ರೆಗ್ಯುಲೇಟರ್, ಇಷ್ಟಕ್ಕೆ ಆಸಿಲೇಟರೂ ಡಿಡಿಎಸ್ಸೂ ಒಂದು ದಿನ ನಡೆಯುತ್ತವೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ನಮಗೆ ಒಂದು ಅನುಕೂಲವೂ ಉಂಟು: ಊರಿಡೀ ಗದ್ದಲ ನಿಂತಿರುತ್ತದೆ, ಬ್ಯಾಟರಿಯ ಮೇಲೆ ಅತ್ಯಂತ ನಿರ್ಮಲವಾದ ಸ್ವೀಪ್ ಸಿಗುವುದು ಆ ಹೊತ್ತಿನಲ್ಲೇ. ಮೇ ತಿಂಗಳ ಗುಡುಗಿಗೆ ಮಾತ್ರ ಎಲ್ಲ ಪ್ಲಗ್ ಕಿತ್ತಿಡಿ.

ಮಾದರಿ, ಮತ್ತು ಸಿಕ್ಕ ರೇಖೆ ನಿಜವೇ ಎಂಬ ಪರೀಕ್ಷೆ

ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಅಜ್ಜಿಯ ರೇಷ್ಮೆ ಸೀರೆಯ ಟ್ರಂಕಿನಿಂದ ನುಸಿ ಗುಳಿಗೆ ತಂದು ಪುಡಿಮಾಡಿ ಕೊಳವೆಗೆ ತುಂಬಿದ್ದಳು. ಎರಡು ವಾರ ಹುಡುಕಿದರೂ ಏನೂ ಸಿಗಲಿಲ್ಲ. ನುಸಿ ಗುಳಿಗೆ ಎರಡು ಬಗೆ. ಒಂದು ಪ್ಯಾರಾಡೈಕ್ಲೋರೊಬೆಂಜೀನ್, ಇನ್ನೊಂದು ನ್ಯಾಫ್ತಲೀನ್. ಎರಡನೆಯದರಲ್ಲಿ ಕ್ಲೋರಿನ್ನೇ ಇಲ್ಲ. ಲೋಟದ ನೀರಿಗೆ ಇನ್ನು ಕರಗದು ಎನ್ನುವಷ್ಟು ಉಪ್ಪು ಹಾಕಿ ಉಳಿದ ಗುಳಿಗೆಯನ್ನು ಬಿಟ್ಟೆವು. ತೇಲಿತು. ಪ್ಯಾರಾಡೈಕ್ಲೋರೊಬೆಂಜೀನ್ ಆಗಿದ್ದರೆ ಮುಳುಗಬೇಕಿತ್ತು. "ಅಜ್ಜಿಯನ್ನೇ ಮೊದಲು ಕೇಳಬೇಕಿತ್ತು ಸರ್, ಅವರು ವಾಸನೆಯಲ್ಲೇ ಹೇಳುತ್ತಿದ್ದರು" ಎಂದಳು. ಅಂದಿನಿಂದ ರಾಸಾಯನಿಕ ಅಂಗಡಿಯ ಶುದ್ಧ ಮಾದರಿಯನ್ನೇ ತರಿಸುತ್ತೇವೆ. ಕಲಬೆರಕೆ ರೇಖೆಯನ್ನು ಅಗಲಿಸುತ್ತದೆ. ಪ್ಯಾರಾಡೈಕ್ಲೋರೊಬೆಂಜೀನ್‌ನ ಆವಿ ಉಸಿರಿಗೆ ಒಳ್ಳೆಯದಲ್ಲ, ಅದು 53 ಡಿಗ್ರಿಯಲ್ಲಿ ಕರಗುತ್ತದೆ, ತೆರೆದಿಟ್ಟರೆ ತಾನಾಗಿ ಆವಿಯಾಗಿ ಕರಗಿಹೋಗುತ್ತದೆ. ಗಾಜಿನ ಕೊಳವೆಯ ಬಾಯನ್ನು ಭದ್ರವಾಗಿ ಮುಚ್ಚಿರಬೇಕು.

ಕೊನೆಗೆ, 34.27ರ ಹತ್ತಿರ ಒಂದು ಗೆರೆ ಮೂಡಿತು ಎನ್ನೋಣ. ಅದು ಹರಳಿನದೋ, ಯಾವುದೋ ಎಲ್‌ಇಡಿ ದೀಪದ್ದೋ? ಮಾದರಿ ತೆಗೆದು ನೋಡುವುದು ಮೊದಲ ಪರೀಕ್ಷೆ. ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿದೆ. ಪ್ರಕೃತಿಯ ಕ್ಲೋರಿನ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಕ್ಲೋರಿನ್-35, ಕಾಲು ಪಾಲು ಕ್ಲೋರಿನ್-37. ಎರಡರ ಆವೃತ್ತಿಗಳ ಅನುಪಾತ 1.269. ನಿಮಗೆ ಸಿಕ್ಕ ಸಂಖ್ಯೆಯನ್ನು ಅದರಿಂದ ಭಾಗಿಸಿ: 27.01 ಮೆಗಾಹರ್ಟ್ಸ್. ಅದೇ ಸುರುಳಿ, ಗ್ಯಾಂಗನ್ನು 39ರಿಂದ 63 ಪಿಕೊಫ್ಯಾರಡ್‌ಗೆ ತಿರುಗಿಸಿ, ಅಲ್ಲಿ ಹುಡುಕಿ. ಆ ಜಾಗ ಸ್ವಲ್ಪ ಗಲಾಟೆಯದು. 26.957ರಿಂದ 27.283ರವರೆಗೆ ಪರವಾನಗಿ ಬೇಡದ ಸಣ್ಣ ರೇಡಿಯೊಗಳ ಪಟ್ಟಿ, 27.12ರಲ್ಲಿ ಪ್ಲಾಸ್ಟಿಕ್ ಬೆಸುಗೆ ಯಂತ್ರಗಳು ನಡೆಯುತ್ತವೆ. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುಪಿ, ಬ್ಯಾಟರಿಗೆ ಜೋಡಿಸಿ, ತಾಪ ಬರೆದುಕೊಂಡು, ರಾತ್ರಿ ಹನ್ನೊಂದರ ಮೇಲೆ ಸ್ವೀಪ್ ಹಚ್ಚಿ. ಮೊದಲನೆಯದಕ್ಕಿಂತ ಕ್ಷೀಣವಾದ ಗೆರೆಯೊಂದು ಅಲ್ಲಿ ಮೂಡಬೇಕು.